ಸದ್ದಿಲ್ಲದ ಗಂಟೆ

ಅಮ್ಮಾ,

...ಮೊದಲನೇ ಬಸ್ ಕೆಟ್ಟಿದ್ದು ಸಾಲದು ಅಂತ ಎರಡನೇ ಬಸ್ಸೂ ಕೆಟ್ಟು ನಿಂತ್ಕೊಂಡ್ತು. ಈ ವಾಯ್ಸ್ ಮೆಸೇಜನ್ನ ಫೋನ್ ಕಿವಿಗೆ ಒತ್ಕೊಂಡು ಕೇಳು, ಇಲ್ಲಿ ಜೋರಾಗಿ ಮಾತಾಡೋ ಹಾಗಿಲ್ಲ. ಯಾಂಗ್‌ಶಿಯಾನ್ ಬೆಟ್ಟ ಹತ್ತಿ ಬಂದ್ರೆ, ಗುಡಿಯ ಗಂಟೆ ಹೊಡೆಯೋ ದಿಮ್ಮಿಗೆ ರಜಾಯಿ ಸುತ್ತಿಟ್ಟಿದ್ದಾರೆ!

"ಗುರುಗಳೇ, ನಾಳೆ ನಮ್ಮಮ್ಮಂಗೆ ಹೃದಯದ ಆಪರೇಷನ್. ಮೂರೇ ಸಲ ಹೊಡೀತೀನಿ, ಅವಳಿಗೆ ಮಾತು ಕೊಟ್ಟಿದ್ದೀನಿ" ಅಂದೆ.

ಮುದಿ ಭಿಕ್ಷು ಮರದ ಕಡೆ ಕೈ ತೋರಿಸಿದ್ರು. "ಅಪರೂಪದ ಐಬಿಸ್ ಹಕ್ಕಿ ಕಾವಿಗೆ ಕೂತಿದೆ ಕಣಮ್ಮ. ಸದ್ದಾದ್ರೆ ಮೊಟ್ಟೆ ಬಿಟ್ಟು ಹಾರುತ್ತೆ. ಪಿಸುಗುಟ್ಟು ಸಾಕು, ಬುದ್ಧನಿಗೇನು ಕಿವುಡಾ?"

ಸಿಟ್ಟು ಬಂತು. ಅಷ್ಟರಲ್ಲಿ ಗಂಡು ಹಕ್ಕಿ ಬಂತು. ಬೂದಿ ಬಣ್ಣದ್ದು ಅಂದ್ಕೊಂಡಿದ್ದೆ, ರೆಕ್ಕೆ ಬಿಚ್ಚಿದ್ರೆ ಒಳಗೆಲ್ಲ ಪೀಚ್ ಹೂವಿನ ಬಣ್ಣ! ಹೆಣ್ಣು ಎದ್ದು ಜಾಗ ಬಿಟ್ಟಿತು; ಇದು ಮೊಟ್ಟೆಗಳ ಮೇಲೆ ಎಷ್ಟು ಹುಷಾರಾಗಿ ಕೂತ್ಕೊಂಡ್ತು ಗೊತ್ತಾ! ಕೆಳಗೆ ಭಿಕ್ಷುಗಳು ಬರಿಗಾಲಲ್ಲಿ ಓಡಾಡ್ತಿದ್ರು, ಮಂತ್ರಾನೂ ತುಟಿಯೊಳಗೇ.

ನಾನೂ ಗಂಟೆಗೆ ಅಂಗೈ ಒತ್ತಿ ನಿನ್ನ ಹೆಸರು ಮೂರು ಸಲ ಹೇಳಿದೆ. ಅದನ್ನೇ ಗಂಟೆ ಹೊಡೆದ ಹಾಗೆ ಅಂದ್ಕೋ, ಅಮ್ಮಾ.

ಉಲ್ಲನ್ ಕಾಲುಚೀಲ ಹಾಕ್ಕೊಂಡು ಮಲಗು. ಬೆಳಗ್ಗೆ ಎಂಟಕ್ಕೆ ನಿನ್ನ ಒಳಗೆ ಕರ್ಕೊಂಡು ಹೋಗ್ತಾರಂತೆ, ಅಣ್ಣ ಹೇಳ್ದ. ನಂಗೆ ನಾಳೆ ಕೆಲಸಕ್ಕೆ ರಜೆ ಸಿಗಲಿಲ್ಲ; ಕಾರ್ಖಾನೆ ಒಳಗೆ ಫೋನ್ ಬಿಡಲ್ಲ, ನಾನು ಗೇಟಿನ ಹೊರಗೇ ನಿಂತಿರ್ತೀನಿ. ಗಂಟೆ ಹೊಡೀಲಿಲ್ಲ ಅಂತ ಬೈಯೋಕಾದ್ರೂ ಸರಿ, ಏಳೂವರೆಗೆ ಫೋನ್ ಮಾಡು.

ನಿನ್ನ ರುಯಿಲಾನ್