ಲಾಳಿಯ ಪಕ್ಕದ ಲ್ಯಾಪ್‌ಟಾಪು

ನೀಲಗಂಗವ್ವ ಆಯಿಗೆ,

ಬೆಟಗೇರಿಯ ನಿಮ್ಮ ಮನೆಯ ಮೇಲಿನ ಖೋಲಿಯಿಂದ ಬಾಡಿಗೆಯ ಹುಡುಗಿ ಸಾಯಿಮಾಳ ಸಲಾಮು. ಕಾಂಚನಕ್ಕ, ಕೂಸು ಆರಾಮ ಇದ್ದಾರೆಂದು ನಂಬಿದ್ದೇನೆ. ನೀವು ಮಗಳ ಬಾಣಂತನಕ್ಕೆ ಡಂಬಳಕ್ಕೆ ಹೋದಾಗಿನಿಂದ ಇಲ್ಲಿ ನನ್ನನ್ನು ಬೈಯುವವರೇ ಇಲ್ಲ. ದಿನವಿಡೀ ಕಂಪ್ಯೂಟರ್ ಕುಟ್ಟುವವಳು ಕೈಯಿಂದ ಕಾಗದ ಬರೆದಿದ್ದಾಳೆಂದು ನಗಬೇಡಿ. ಫೋನು ಮಾಡಿದರೆ ನಿಮ್ಮದು ಯಾವಾಗಲೂ ಎಂಗೇಜು. ಲೈನು ಸಿಕ್ಕರೂ ನನಗೆ ಮಾತಾಡಲು ನೀವೆಲ್ಲಿ ಬಿಡುತ್ತೀರಿ? ಇನ್ನೊಂದು ಕಾರಣವೂ ಇದೆ, ಕೊನೆಗೆ ಹೇಳುತ್ತೇನೆ.

ಹೋದ ವರ್ಷದ ಆಯುಧ ಪೂಜೆ ನೆನಪಾಗುತ್ತಿದೆ. ಯಾವ ಕಂಪನಿಯ ನೌಕರಿಯೂ ಇಲ್ಲದೆ, ಅವರಿವರ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ನನ್ನ ಕೆಲಸ ಅಬ್ಬಾನಿಗೆ ಎಂದೂ ಕೆಲಸವಾಗಿ ಕಾಣಿಸಿರಲಿಲ್ಲ. ಮುಂಡರಗಿಯ ಬಡಗಿ ಮರ್ದಾನಸಾಬರು ಅವರು. "ನಾ ಬಾಗಲಾ ಮಾಡಿದ್ರ ಬಾಗಲಾ ಕಾಣಸ್ತೈತಿ. ನೀ ಮಾಡಿದ್ದು ಎಲ್ಲೈತಿ, ತೋರಸು," ಅನ್ನುತ್ತಿದ್ದರು. ತೋರಿಸಿದರೆ ಪರದೆಯ ಗಾಜನ್ನು ಬೆರಳಿನಿಂದ ತಟ್ಟಿ ಎದ್ದುಹೋಗುತ್ತಿದ್ದರು. ಮುಂಡರಗಿಯ ಒಂದು ಶಾಲೆಯಲ್ಲಿ ನನಗೆ ಕಾರಕೂನಿ ಕೆಲಸ ಗೊತ್ತುಮಾಡಿ, ದಸರೆಗೆ ಬಂದು ಕರೆದೊಯ್ಯುತ್ತೇನೆ, ಗಂಟು ಕಟ್ಟಿಡು ಎಂದಿದ್ದರು. ಕಟ್ಟಿದ ಗಂಟು ನಿಮ್ಮ ಮೆಟ್ಟಿಲ ಬುಡದಲ್ಲೇ ಇತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ನಿಮಗೆ ಮಾತ್ರ ಅದು ಗೊತ್ತಿತ್ತು.

ಅಬ್ಬಾನ ಮನಸ್ಸು ತಿರುಗಿಸಲು ನನಗೆ ಉಳಿದಿದ್ದ ಕೊನೆಯ ಆಸರೆ ಶಿರಹಟ್ಟಿಯ ಸೀರೆ ವ್ಯಾಪಾರಿ ಕಳಕಪ್ಪನವರ ವೆಬ್‌ಸೈಟು. ಅವರ ಕಾಟ ನಿಮಗೆ ಗೊತ್ತೇ ಇದೆ. ಹೆಸರು ದೊಡ್ಡದಾಗಲಿ, ಇನ್ನೂ ದೊಡ್ಡದಾಗಲಿ, ಮೇಲಿನಿಂದ ಮಲ್ಲಿಗೆ ಉದುರಲಿ. ಹಾರ ಹಾಕಿದ ಅವರ ತಂದೆಯ ಫೋಟೋ ಸೀರೆಗಳಿಗಿಂತ ದೊಡ್ಡದಾಗಿ ಕೂತಾಗ ಮಾತ್ರ ಅವರಿಗೆ ಸಮಾಧಾನ. ಕರೆಂಟಿನ ಜೊತೆ ಕಣ್ಣಾಮುಚ್ಚಾಲೆ ಆಡುತ್ತ, ಇಂಟರ್ನೆಟ್ ಸಿಗದಾಗ ಮಾಳಿಗೆಯ ಮೂಲೆಯಲ್ಲಿ ನಿಮ್ಮ ಸಂಡಿಗೆಗಳ ನಡುವೆ ಕೂತು, ಅಂತೂ ಹಬ್ಬದ ಹಿಂದಿನ ಸಂಜೆ ಅದನ್ನು ಮಂದಿಗೆ ತೆರೆದುಬಿಟ್ಟೆ.

ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ನೀವು ನನ್ನ ಲ್ಯಾಪ್‌ಟಾಪನ್ನು ಕೆಳಗೆ ಒಯ್ದು, ಮಗ್ಗದ ಲಾಳಿಯ ಪಕ್ಕದಲ್ಲಿಟ್ಟು, ವಿಭೂತಿ ಎಳೆದು, ಸೇವಂತಿಗೆ ಏರಿಸಿಬಿಟ್ಟಿದ್ದಿರಿ! ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಫೋನು ಬಡಿದುಕೊಂಡಿತು, ನೀವು ಎತ್ತಿ ಮಾತಿಗಿಳಿದಿರಿ.

"ಸೀರೀನಾ? ನಿನಗೋ ಬೀಗತಿಗೋ? ಬೀಗತಿಗಾದ್ರ ದೊಡ್ಡ ಸೆರಗಿಂದು ಒಯ್ಯವ್ವಾ, ಇಲ್ಲಾಂದ್ರ ವರ್ಸೆಲ್ಲಾ ಆಡಿಕೋತಾಳ."

ಆಗ ನನಗೆ ಹೊಳೆಯಿತು. ಮಾದರಿ ಪುಟ ಮಾಡುವಾಗ ಕಳಕಪ್ಪನವರ ನಂಬರಿನ ಜಾಗದಲ್ಲಿ, ಬಾಯಿಪಾಠವಿದ್ದ ನಿಮ್ಮ ನಂಬರು ತುಂಬಿಸಿದ್ದೆ. ಅದನ್ನು ಬದಲಿಸುವುದೇ ಮರೆತುಹೋಗಿತ್ತು. ಈಗ ಬದಲಿಸಬೇಕೆಂದರೆ ಯಂತ್ರ ಪೂಜೆಯಲ್ಲಿ! ಓಣಿಯ ಕಂಪ್ಯೂಟರ್ ಅಂಗಡಿಗೆ ಓಡಿದೆ. ಅಲ್ಲಿಯ ಕಂಪ್ಯೂಟರುಗಳೂ ಹೂವು ಮುಡಿದು ಕೂತಿದ್ದವು. ಅಳುತ್ತ ಬಂದು ನಿಮಗೆಲ್ಲ ಹೇಳಿದೆ. "ಅದನ್ನ ಮುಟ್ಟಬ್ಯಾಡ. ನಿನ್ನಂಗ ಅದೂ ವರ್ಸೆಲ್ಲಾ ದುಡದೈತಿ, ಇವತ್ತೊಂದಿನ ಕುಂಡ್ರಲಿ. ಫೋನ್ ನಾ ನೋಡಿಕೋತೀನಿ," ಎಂದಿರಿ. ಕಳಕಪ್ಪನವರು ಉಗಿಯುತ್ತಾರೆ, ಅಬ್ಬಾ ಕರೆದೊಯ್ಯುತ್ತಾರೆ, ಎಲ್ಲ ಮುಗಿಯಿತು ಅಂದುಕೊಂಡೆ.

ಅಬ್ಬಾ ಬಂದಾಗ ನೀವು ಇನ್ಯಾರಿಗೋ ಅಂಚಿನ ಬಣ್ಣ ವಿವರಿಸುತ್ತಿದ್ದಿರಿ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದವರು ಪೂಜೆಯ ಮುಂದೆ ನಿಂತುಬಿಟ್ಟರು. ಅವರ ಉಳಿ, ಗರಗಸಗಳೂ ಆ ದಿನ ಮುಂಡರಗಿಯಲ್ಲಿ ಮಾಲೀಕರ ಮನೆಯ ಪೂಜೆಯಲ್ಲಿ ಹಾಗೇ ಕೂತಿದ್ದವಲ್ಲ.

"ಇದೂ ಇಟ್ಟೀರೇನ್ರಿ?" ಎಂದರು ಲ್ಯಾಪ್‌ಟಾಪಿನ ಕಡೆ ನೋಡಿ.

"ದುಡಿಯೋ ಸಾಮಾನಲ್ಲೇನ್ರಿ ಅದು?" ಎಂದಿರಿ ನೀವು. ಫೋನು ಮತ್ತೆ ಬಡಿದುಕೊಂಡಿತು. ಇವರೆಲ್ಲ ಯಾರು ಎಂದು ಅಬ್ಬಾ ಕೇಳಿದರು. "ನಿಮ್ಮ ಮಗಳು ಒಂದು ಬಾಗಲಾ ಮಾಡ್ಯಾಳ್ರಿ. ನಿನ್ನೆ ತಗದಾಳ. ಮಂದಿ ಬರಾಕ ಹತ್ತ್ಯಾರ."

ಆಯಿ, ಈ ಮಾತನ್ನು ಅಷ್ಟು ದಿನ ಹುಡುಕಿಯೂ ನನಗೆ ಸಿಕ್ಕಿರಲಿಲ್ಲ. ಅಬ್ಬಾ ನೀವು ಕೊಟ್ಟ ಹೋಳಿಗೆ ತಿಂದರು, ಕೈ ತೊಳೆದರು, ಮೆಟ್ಟಿಲ ಬುಡದ ಗಂಟನ್ನು ತಾವೇ ಹೆಗಲಿಗೇರಿಸಿ ಮೇಲಿನ ಖೋಲಿಗೆ ಒಯ್ದು ಇಟ್ಟರು. ಇಳಿದು ಬಂದು, "ನೆಲದ ಮ್ಯಾಲ ಕುಂತು ಮಾಡಿದ್ರ ಬೆನ್ನು ಹೋಗತೈತಿ, ಮೇಜಾ ಮಾಡಿ ಕೊಡ್ತೀನಿ," ಅಂದರು. ನಾನು ಬಚ್ಚಲಿಗೆ ಹೋಗಿ ಮನಸಾರೆ ಅತ್ತೆ.

ಮರುದಿನ ಬನ್ನಿ ಕೊಡಲು ಬಂದ ಕಳಕಪ್ಪನವರದು ಇನ್ನೊಂದು ತಮಾಷೆ. ಅವರು ತಮ್ಮ ಮೊಬೈಲನ್ನೂ ಪೂಜೆಗಿಟ್ಟಿದ್ದರಂತೆ. ನಿಮ್ಮ ಮಾತು ಕೇಳಿ ಅಂಗಡಿಗೇ ಬಂದ ಗಿರಾಕಿಗಳಿಂದ ಅವರಿಗೆ ವಿಷಯ ತಿಳಿದಿತ್ತು. "ಆಯಿ ನಂಬರ ತಗೀಬ್ಯಾಡ್ರಿ, ನಂದು ಕೆಳಗ ಹಾಕ್ರಿ," ಅಂದರು. ಅಂದಿನಿಂದ ನಿಮ್ಮ ಫೋನು ನನಗೆ ಸಿಗುತ್ತಿಲ್ಲ.

ಇವತ್ತು ಮತ್ತೆ ಆಯುಧ ಪೂಜೆ. ಬೆಳಿಗ್ಗೆ ಅಬ್ಬಾ ಫೋನು ಮಾಡಿದ್ದರು. "ಆಯಿ ಊರಾಗಿಲ್ಲ. ನಿನ್ನ ಸಾಮಾನು ಇಟ್ಟಿ ಏನು? ಪೂಜಾ ನಮಗ ಬರೂದಿಲ್ಲ, ಒರಸಿ ಇಡಾಕ ಬರತೈತಲ್ಲ." ಒರೆಸಿ ಇಟ್ಟಿದ್ದೇನೆ ಆಯಿ, ನಿಮ್ಮ ಲಾಳಿಯ ಪಕ್ಕದಲ್ಲೇ, ಒಂದು ಸೇವಂತಿಗೆಯ ಜೊತೆ. ನಾಳೆಯವರೆಗೆ ಮುಟ್ಟುವುದಿಲ್ಲ. ಅದಕ್ಕೇ ಅಬ್ಬಾ ಮಾಡಿಕೊಟ್ಟ ಮೇಜಿನ ಮುಂದೆ ಕೂತು ಈ ಕಾಗದವನ್ನು ಕೈಯಿಂದ ಬರೆಯುತ್ತಿದ್ದೇನೆ.

ಕೂಸಿಗೆ ನನ್ನದೊಂದು ಮುತ್ತು. ಬನ್ನಿ ಎಲೆ ನಾಳೆ ಈ ಕಾಗದದೊಳಗೇ ಇಟ್ಟು ಕಳಿಸುತ್ತೇನೆ. ತಗೊಂಡು ಬಂಗಾರದಂಗ ಇರ್ರಿ, ಜಲ್ದಿ ಮನಿಗೆ ಬರ್ರಿ.

ನಿಮ್ಮ ಮೇಲಿನ ಖೋಲಿಯ ಮಗಳು,
ಸಾಯಿಮಾ