ಮುರುಡೇಶ್ವರಕ್ಕೂ ನಾಗರಹೊಳೆಗೂ ನಡುವಿನ ಎರಡು ದಿನ

ಸಂತೆಬಾಚಹಳ್ಳಿ, ಕೆ.ಆರ್. ಪೇಟೆ ತಾಲ್ಲೂಕು
22 ಮೇ 2025, ಗುರುವಾರ

ತಮ್ಮ ಕುಮಾರನಿಗೆ,

ನಾವು ಕ್ಷೇಮ. ಅವ್ವನ ಮಂಡಿನೋವು ಹೆಚ್ಚೂ ಆಗಿಲ್ಲ, ಕಮ್ಮಿಯೂ ಆಗಿಲ್ಲ. ಕಡಲ ಬಿಸಿಲಿಗೆ ಸುಲಿದಿದ್ದ ನಿನ್ನ ಮೂಗು ವಾಸಿಯಾಯಿತೇ? ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದು ಬರೆಯಲು ಹೇಳಿದ್ದು ಅವ್ವ, ನಾನಲ್ಲ. ಫೋನ್ ಮಾಡಿದರೆ ನೀನು ನಗುತ್ತೀಯ, ಇಲ್ಲವೇ ಗಾಡಿ ಓಡಿಸುತ್ತಿದ್ದೇನೆ ಎನ್ನುತ್ತೀಯ. ಅದಕ್ಕೇ ಹುಬ್ಬಳ್ಳಿಯ ವಿಳಾಸಕ್ಕೆ ಕಾಗದ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಈ ತಿಂಗಳ ಮೂರರಂದು ನೀನು ಗೋಕರ್ಣದಿಂದ ಫೋನ್ ಮಾಡಿದೆ. ಜೊತೆಯಲ್ಲಿ ನಿನ್ನ ಮೇಲಧಿಕಾರಿ, ಅವರ ಹೆಂಡತಿ, ಮಗ. "ಅಕ್ಕ, ನಮ್ಮೋರೇ, ಹಾಸನದ ಕಡೆಯೋರು. ಹುಡ್ಗ ಇಂಜಿನಿಯರು. ಹೇಮಾನ ನೋಡ್ದಂಗೂ ಆಯ್ತದೆ, ಬುಧವಾರ ಗುರುವಾರ ನಿಮ್ಮನೇಲೇ ಇರ್ತೀವಿ" ಎಂದೆ. ಮುರುಡೇಶ್ವರ ಮಂಗಳವಾರಕ್ಕೇ ಮುಗಿಯುತ್ತದೆ, ನಾಗರಹೊಳೆಯಲ್ಲಿ ಸಫಾರಿ ಸಿಕ್ಕಿರುವುದು ಶುಕ್ರವಾರ, ನಡುವಿನ ಎರಡು ದಿನ ಹೇಗೆ ಕಳೆಯುವುದೆಂದು ತಿಳಿಯುತ್ತಿಲ್ಲ ಎಂಬುದನ್ನು ನೀನು ಹೇಳಲಿಲ್ಲ. ಹೆಣ್ಣು ನೋಡಲು ಬಂದವರು ಎರಡು ದಿನ ಉಳಿಯುತ್ತಾರೇನೋ ಎಂದು ಕೇಳಿದ್ದಕ್ಕೆ, "ಯಾವ್ಯಾವ್ದೋ ದೇಶದ ಕತೆ ಕನ್ನಡದಲ್ಲಿ ಓದಿ ಓದಿ ನಿಂಗೆ ಎಲ್ಲದ್ರಲ್ಲೂ ಅನುಮಾನ ಕಣಕ್ಕ" ಎಂದೆ. ಮಗಳು ಹೇಮಶ್ರೀಗೆ ಮನಸ್ಸಿದ್ದದ್ದು ನಾಗಮಂಗಲದ ಮೇಷ್ಟ್ರ ಸಂಬಂಧದಲ್ಲಿ. ಅವರು ಯುಗಾದಿಯಿಂದ ಮಾತು ಎಳೆಯುತ್ತಿದ್ದರು. ನೋಡಿಹೋದರೆ ನಷ್ಟವೇನು ಎಂದು ಅವಳನ್ನು ಒಪ್ಪಿಸಿದವಳು ನಾನು. ಆ ತಪ್ಪು ನನ್ನದು. ಅಷ್ಟೇ ನನ್ನದು.

ಬುಧವಾರ ಹನ್ನೊಂದು ಗಂಟೆಗೆ ಬಂದಿರಿ. ಅವಳು ಪಾಂಡವಪುರದ ಲ್ಯಾಬಿಗೆ ರಜೆ ಹಾಕಿ, ಸೀರೆ ಉಟ್ಟು ಕಾಫಿ ತಂದುಕೊಟ್ಟಳು. ಹುಡುಗ ಥ್ಯಾಂಕ್ಸ್ ಎಂದು ಮತ್ತೆ ಮೊಬೈಲು ನೋಡಿದ. ಸಂಕೋಚದ ಹುಡುಗ ಎಂದುಕೊಂಡೆ. ಮಾತು ಕೂಡುವವರೆಗೆ ಗಂಡಿನವರು ಹೆಣ್ಣಿನ ಮನೆಯಲ್ಲಿ ಕಾಫಿ ತಿಂಡಿ ಬಿಟ್ಟು ಊಟ ಮಾಡುವುದಿಲ್ಲ, ಉಂಡರೆ ಒಪ್ಪಿದ ಹಾಗೆ. ಇದನ್ನು ನಿನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ನಾನು ಉಪ್ಪಿಟ್ಟು ಮಾತ್ರ ಮಾಡಿದ್ದೆ. ನೀನು ಅಡುಗೆಮನೆಗೆ ಬಂದು, "ಅಕ್ಕೋ, ನಾಟಿಕೋಳಿ ಸಾರು ಮುದ್ದೆ ಮಾಡು, ಉಣ್ಣಕ್ಕಂತ್ಲೇ ಬಂದವ್ರೆ" ಎಂದೆ. ಅವರು ಎರಡೆರಡು ಸಲ ಬಡಿಸಿಕೊಂಡು ಉಂಡರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಉಂಡ್ರಲ್ಲ ಕಣವ್ವ, ಇನ್ನೇನು, ಒಪ್ದಂಗೇ ಬುಡು" ಎಂದಳು. ಮಜ್ಜಿಗೆ ಕೇಳಲು ಬಂದಿದ್ದ ಪಕ್ಕದ ಮನೆ ದೊಡ್ಡತಾಯಮ್ಮ ಅದನ್ನು ಕೇಳಿಸಿಕೊಂಡಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಗುರುವಾರ ದಾರಿ ತೋರಿಸಲು ಹೇಮಶ್ರೀಯನ್ನೂ ಕೂರಿಸಿಕೊಂಡು ಗೋವಿಂದನಹಳ್ಳಿ, ಶ್ರೀರಂಗಪಟ್ಟಣ, ಗಂಜಾಂ ಸುತ್ತಿದಿರಿ. ನಿಮಿಷಾಂಬ ಗುಡಿಯ ಹೊಳೆ ಮೆಟ್ಟಿಲ ಮೇಲೆ ಆ ಹುಡುಗನ ಪಕ್ಕ ಅವಳನ್ನು ನಿಲ್ಲಿಸಿ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದವನೂ ನೀನೇ. ಶುಕ್ರವಾರ ಬೆಳಗ್ಗೆ ಹುಲಿ ನೋಡಲು ಹೊರಟಿರಿ.

ಹದಿನೈದರಂದು ನಿನ್ನ ಮೇಲಧಿಕಾರಿಯ ಹೆಂಡತಿ ಫೋನ್ ಮಾಡಿದರು. ಒಳ್ಳೆಯ ಹೆಂಗಸು, ಅವರ ತಪ್ಪೇನೂ ಇಲ್ಲ. "ಅಂಥ ಸಾರು ನಾವೆಲ್ಲೂ ಉಂಡಿರ್ಲಿಲ್ಲ ಕಣ್ರೀ. ಮುಂದಿನ ತಿಂಗ್ಳು ಮಗನ ನಿಶ್ಚಿತಾರ್ಥ, ಹುಡ್ಗಿ ಸಕಲೇಶಪುರದೋಳು, ನೀವೆಲ್ಲ ಬರ್ಲೇಬೇಕು" ಎಂದರು. ಹೆಣ್ಣು ನೋಡುವ ಸುದ್ದಿಯೇ ಅವರಿಗೆ ಗೊತ್ತಿರಲಿಲ್ಲ. ನಿನ್ನನ್ನು ಕೇಳಿದೆ. ನೀನು ನಕ್ಕೆ. "ಅಂಗನ್ನದೇ ಇದ್ದಿದ್ರೆ ನೀನು ಅಷ್ಟು ಚೆನ್ನಾಗ್ ನೋಡ್ಕತಿದ್ಯಾ?" ಎಂದೆ.

ಮಾರನೆಯ ದಿನವೇ ನಾಗಮಂಗಲದಿಂದ ಮಾತು ಬಂತು: "ಗಂಡಿನೋರು ಉಂಡೋಗಿರೋ ಮನೆಗೆ ನಾವ್ಯಾಕೆ ಬರಾನ?" ನಿನ್ನ ಭಾವ ನಿಂಗರಾಜು ಡೇರಿಗೆ ಹಾಲು ಹಾಕಲು ಈಗ ಎಲ್ಲರೂ ಹೋದ ಮೇಲೆ ಹೋಗುತ್ತಾರೆ, ಲಗ್ನ ಯಾವಾಗ ಎಂದು ಕೇಳುವವರಿಗೆ ಏನು ಹೇಳುವುದು? ಹೇಮಶ್ರೀ ಅಳಲಿಲ್ಲ. "ಸಫಾರಿ ಜೀಪು ಬರೋಗಂಟ ಕುತ್ಕಳಕ್ಕೆ ನಾನೇನ್ ಬೆಂಚಾ ಅಮ್ಮ?" ಎಂದಳು. ಇದಕ್ಕೆ ಉತ್ತರ ನಿನ್ನಲ್ಲಿದ್ದರೆ ಅವಳಿಗೇ ಬರೆ.

ಅವ್ವ ದಿನವೂ ಒಂದೇ ರಾಗ ಹಾಡುತ್ತಾಳೆ: "ತಮ್ಮನ್ನ ಬೀದಿಗ್ ತರಬ್ಯಾಡ ಕಣವ್ವ. ಅವನ ಸುಳ್ಳು ಅವನೊಟ್ಟೇಲೇ ಇರ್ಲಿ." ಮೊನ್ನೆ ನೀನು ಕಳಿಸಿದ ಮೆಸೇಜನ್ನು ಅವಳಿಗೆ ಓದಿ ಹೇಳಲಿಲ್ಲ. ದಸರಾ ರಜೆಗೆ ಕಾರವಾರ, ಬಂಡೀಪುರ, ನಡುವೆ ಒಂದು ದಿನ ಖಾಲಿ ಇದೆ, ಆಗ ಬಂದು ಎಲ್ಲ ಸರಿಮಾಡುತ್ತೀಯಂತೆ. ಬರಬೇಡ. ಶ್ರೀರಂಗಪಟ್ಟಣದಲ್ಲಿ ಲಾಡ್ಜುಗಳಿವೆ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಅವರಿಗೆ ಮಾತ್ರ.

ಪ್ರಮೀಳಾ

ಮರೆತಿದ್ದೆ. ಸೋಮವಾರ ಬೆಳಗಿನ ಬಸ್ಸಿಗೆ ನಾಗಮಂಗಲಕ್ಕೆ ಹೋಗುತ್ತಿದ್ದೇನೆ. ನೀನು ಹೇಳಿದ ಸುಳ್ಳನ್ನು ನಿನ್ನ ಹೆಸರು ಹಿಡಿದೇ ಹೇಳುತ್ತೇನೆ. ಅವರು ನಂಬುವುದು ಬಿಡುವುದು ಅವರಿಗೆ ಸೇರಿದ್ದು. ಹುಡುಗಿಯನ್ನು ಹಸೆಗೆ ಕರೆತರುವ ಸೋದರಮಾವ ಯಾರು ಎಂದು ಕೇಳಿದರೆ, ದೊಡ್ಡಪ್ಪನ ಮಗ ದೇವಯ್ಯನ ಹೆಸರು ಹೇಳಬೇಕೆಂದು ತೀರ್ಮಾನಿಸಿದ್ದೇನೆ. ಅವ್ವನಿಗೆ ಇನ್ನೂ ಹೇಳಿಲ್ಲ. ದೇವಯ್ಯನನ್ನೂ ಇನ್ನೂ ಕೇಳಿಲ್ಲ.