ನಾಲ್ವರು ಫುಯಿಮಾಲೊಗಳು

ಗುರುವಾರ, ಆಗಸ್ಟ್ ೧೪. ಸವಾಯಿ ದ್ವೀಪ, ಸಮೋವಾ

ಇವತ್ತು ನನ್ನ ಕೈಯಿಂದ ಒಂದು ಜೀವ ಹೋಗುತ್ತಿತ್ತು.

ಆಸ್ಪತ್ರೆಯ ವೆಬ್ ಫಾರಂ ಬರೆದವಳು ನಾನು. ನರ್ಸ್ ವಿವರ ತುಂಬಿ ಕಳಿಸಿದರೆ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ನನ್ನ ಕೋಡು ರೋಗಿಯ ದಾಖಲೆಯನ್ನು ಬದಲಿಸುತ್ತದೆ. ಯಾವ ರೋಗಿ ಎಂದು ಆಸ್ಪತ್ರೆ ಕೊಟ್ಟ ನಂಬರಿನಿಂದ ಹುಡುಕಿಸಬೇಕಿತ್ತು. ಊರ ಮುಖಂಡರ ನಂಬರು ಕೇಳುವುದು ಅಗೌರವ ಎಂದು, ಪಟ್ಟದ ಹೆಸರಿನಿಂದ ಹುಡುಕಿಸಿದೆ. ನಮ್ಮಲ್ಲಿ ಫುಯಿಮಾಲೊ ಎಂಬ ಒಂದೇ ಪಟ್ಟ ನಾಲ್ವರಿಗಿದೆ. ಯಾರು ಯಾರೆಂದು ಊರಿಗೆ ಗೊತ್ತು, ಕೋಡಿಗೆ ಗೊತ್ತಿಲ್ಲ.

ಬೆಳಿಗ್ಗೆ ಕಿರಿಯ ಫುಯಿಮಾಲೊಗೆ ‘ಪೆನಿಸಿಲಿನ್ ಒಗ್ಗುತ್ತದೆ’ ಎಂದು ನರ್ಸ್ ಲಾಗಿಮೈನಾ ತುಂಬಿದಳು. ನಾಲ್ವರ ದಾಖಲೆಯಲ್ಲೂ ಅದೇ ಬಿತ್ತು. ಮಧ್ಯಾಹ್ನ ಹಿರಿಯ ಫುಯಿಮಾಲೊ ಕಾಲಿನ ಗಾಯಕ್ಕೆಂದು ಬಂದರು. ಲಾಗಿಮೈನಾ ಸೂಜಿಗೆ ಔಷಧಿ ಎಳೆದಿದ್ದಳು.

“ಪೆನಿಸಿಲಿನ್ನೇನಮ್ಮಾ ಅದು? ಹೋದ್ಸಲ ಗಂಟಲು ಕಟ್ಕೊಂಡು ಸಾಯೋ ಹಾಗಾಗಿತ್ತಲ್ಲ!” ಅಂದರಂತೆ. ಲಾಗಿಮೈನಾ ಸೂಜಿ ಪಕ್ಕಕ್ಕಿಟ್ಟು ನನ್ನನ್ನು ಕರೆಸಿದಳು.

ನಾನು ಓಡಿಹೋದಾಗ ಅವರು ನಗುತ್ತಿದ್ದರು. “ನಾವು ಪಟ್ಟ ಹಂಚ್ಕೊಂಡಿದ್ದು ನಿಜ ಮಗಳೇ. ನೀನು ಮೈಯನ್ನೂ ಹಂಚಿಬಿಟ್ಯಾ?”



ಕೋಡು ಈಗ ನಂಬರನ್ನೇ ನೋಡುತ್ತದೆ. ಸೋಮವಾರ ತೆಗೆದಿಟ್ಟ ಪ್ರತಿಯಿಂದ ಹಿರಿಯರದೂ ಮೂರನೆಯವರದೂ ಸರಿಪಡಿಸಿದೆ. ನಾಲ್ಕನೆಯವರ ದಾಖಲೆ ಸೇರಿದ್ದೇ ಮಂಗಳವಾರ. ಅದರಲ್ಲಿ ಮೊದಲು ಏನಿತ್ತೋ, ಸೇರಿಸಿದ ನರ್ಸ್‌ಗೂ ನೆನಪಿಲ್ಲ. ‘ಪೆನಿಸಿಲಿನ್ ಒಗ್ಗುತ್ತದೋ ಗೊತ್ತಿಲ್ಲ, ಕೊಡಬೇಡಿ’ ಎಂದು ಬರೆದಿಟ್ಟೆ. ಅವರು ಫೋನ್ ಎತ್ತುತ್ತಿಲ್ಲ.

ಬೆಳಕು ಹರಿಯುತ್ತಲೇ ಅವರ ಮನೆಗೆ ಹೋಗಬೇಕು. ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು ಪೆನಿಸಿಲಿನ್ ಮಾತಿಗೂ ಮೊದಲು ಕೇಳಬೇಕಾದದ್ದು, ತಮ್ಮ ಆಸ್ಪತ್ರೆ ನಂಬರು ಎಷ್ಟು ಅಂತ.